ಹೇಳಿಕೊಂಡದ್ದೆಲ್ಲ ದೂರಲ್ಲ

ಓದುಗರ ಪ್ರಶ್ನೆ – ಉತ್ತರ

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ, ಲೈಂಗಿಕ ಕಿರುಕುಳಕ್ಕೆ ಒಳಗಾದ ವಿದ್ಯಾರ್ಥಿನಿ ಅದನ್ನು ಮೊದಲು ಹೇಳಿಕೊಳ್ಳುವುದು ಸಂಸ್ಥೆಯ ದೂರು ಸಮಿತಿಯ ಮುಂದೆ ಅಲ್ಲ, ಕೈಗೆಟಕುವ ಯಾರೋ ಒಬ್ಬರ ಮುಂದೆ, ಹಾಗಾಗಿ ಕಾಲೇಜು, ವಿಶ್ವವಿದ್ಯಾಲಯಗಳ ಎಲ್ಲ ಸಿಬ್ಬಂದಿಗೂ ಕೇಳಿಸಿಕೊಳ್ಳುವ ತರಬೇತಿ ಬೇಕು ಎಂದು ಬರೆದಿದ್ದೆ. ಅದಕ್ಕೆ ಕಾಸರಗೋಡು, ಮಂಜೇಶ್ವರ ತಾಲೂಕುಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿದ್ದೇನೆ. ಬರೆದವರ ಹೆಸರು, ಊರು, ಸಂಸ್ಥೆಯ ಗುರುತು ಸಿಗುವ ವಿವರಗಳನ್ನೆಲ್ಲ ತೆಗೆದಿದ್ದೇನೆ.

ಪ್ರಶ್ನೆ: ನಾನು ಪದವಿ ಕಾಲೇಜೊಂದರ ಉಪನ್ಯಾಸಕಿ. ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಪ್ರಾಕ್ಟಿಕಲ್ ಬ್ಯಾಚ್ ಬದಲಾಯಿಸಿಕೊಡಿ ಎಂದು ಮೂರು ಸಲ ನನ್ನ ಬಳಿಗೆ ಬಂದಳು. ಮೂರನೆಯ ಸಲ ಕಾರಣ ಕೇಳಿದಾಗ ಕೊಡೆಯ ಹಿಡಿಯನ್ನು ತಿರುವುತ್ತಾ, ಲ್ಯಾಬಿನಲ್ಲಿ ಒಬ್ಬರು ಮೈಮುಟ್ಟುತ್ತಾರೆ ಎಂದಳು. ನನ್ನ ಬಾಯಿಂದ ಥಟ್ಟನೆ ಬಂದ ಮಾತು ‘ಆವತ್ತೇ ಯಾಕೆ ಹೇಳಲಿಲ್ಲ?’ ಎಂಬುದು. ‘ಏನಿಲ್ಲ ಟೀಚರ್, ನಾನೇ ತಪ್ಪು ತಿಳಿದಿರಬೇಕು’ ಎಂದು ಹೊರಟುಹೋದವಳು ಮತ್ತೆ ಬರಲಿಲ್ಲ. ಈಗ ಪ್ರಾಂಶುಪಾಲರು ಸಿಬ್ಬಂದಿಯ ತರಬೇತಿಯನ್ನು ನನಗೇ ವಹಿಸಿದ್ದಾರೆ. ಅವಳನ್ನು ಮತ್ತೆ ಮಾತಾಡಿಸಬೇಕೆ? ತರಬೇತಿಯಲ್ಲಿ ಏನನ್ನು ಹೇಳಿಕೊಡಬೇಕು?

ಉತ್ತರ: ಮಾತಾಡಿಸಿ. ಆದರೆ ಅದು ವಿಚಾರಣೆಯ ಎರಡನೆಯ ಕಂತು ಆಗದಿರಲಿ. ತರಗತಿಯ ನಡುವೆ ಹೆಸರು ಕೂಗಿ ಕರೆಯಬೇಡಿ, ಸ್ಟಾಫ್ ರೂಮಿಗೆ ಬರಬೇಕಂತೆ ಎಂದು ಇನ್ನೊಬ್ಬರಲ್ಲಿ ಹೇಳಿ ಕಳುಹಿಸಬೇಡಿ. ರೆಕಾರ್ಡ್ ಪುಸ್ತಕ ಹಿಂದಿರುಗಿಸುವಾಗಲೋ ಲೈಬ್ರರಿಯ ವರಾಂಡದಲ್ಲೋ ಒಬ್ಬಳೇ ಸಿಕ್ಕಾಗ, ‘ಆ ದಿನ ನಾನು ಕೇಳಿದ್ದು ಸರಿಯಾಗಲಿಲ್ಲ, ನೀನು ಹೇಳಿದ್ದನ್ನು ನಂಬಿದ್ದೇನೆ, ಮಾತಾಡಬೇಕು ಅನ್ನಿಸಿದರೆ ಬಾ, ಅನ್ನಿಸದಿದ್ದರೆ ಬರಬೇಕೆಂದೇನೂ ಇಲ್ಲ’ ಎಂದಷ್ಟೇ ಹೇಳಿ ಮುಂದೆ ನಡೆಯಿರಿ. ಬ್ಯಾಚನ್ನು ಮಾತ್ರ ನಾಳೆಯೇ ಬದಲಾಯಿಸಿಕೊಡಿ. ಅವಳು ಕೇಳಿದ್ದು ಅದನ್ನು. ಅದಕ್ಕೆ ಸಾಕ್ಷಿಯೂ ಬೇಡ, ಸಮಿತಿಯೂ ಬೇಡ. ಹೆಸರನ್ನು ಒಂದು ಪಟ್ಟಿಯಿಂದ ಹೊಡೆದು ಇನ್ನೊಂದರಲ್ಲಿ ಬರೆದರೆ ಮುಗಿಯಿತು.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವಳು ಮೂರು ಸಲ ಬಂದಳು ಎಂಬ ಮಾತು. ಇಂಥ ಸಂಗತಿ ತನ್ನ ಹೆಸರು ಹೇಳಿಕೊಂಡು ಬಾಗಿಲು ತಟ್ಟುವುದು ಕಡಿಮೆ. ಅದು ಬ್ಯಾಚ್ ಬದಲಾವಣೆಯಾಗಿ, ಹಾಸ್ಟೆಲಿನ ಕೋಣೆ ಬದಲಾವಣೆಯಾಗಿ, ಹಾಜರಾತಿಯ ಕೊರತೆಯಾಗಿ, ಸಂಶೋಧನೆಗೆ ಬೇರೆ ಗೈಡ್ ಸಿಗಬಹುದೇ ಎಂಬ ವಿಚಾರಣೆಯಾಗಿ, ಬಸ್ಸಿನ ಕನ್ಸೆಶನ್ ಕಾರ್ಡಿನಲ್ಲಿ ದಾರಿ ಬದಲಿಸಿಕೊಡಿ ಎಂಬ ಬೇಡಿಕೆಯಾಗಿ, ಕೊನೆಗೆ ಏನೂ ಆಗದಿದ್ದಾಗ ಟಿ.ಸಿ.ಗೆ ಅರ್ಜಿಯಾಗಿ ಬರುತ್ತದೆ. ಈ ಕಾಗದಗಳೆಲ್ಲ ಮೊದಲು ಬಂದು ಬೀಳುವುದು ಕಚೇರಿಯ ಕಿಟಕಿಯಲ್ಲಿ ಕುಳಿತ ಗುಮಾಸ್ತರ ಮುಂದೆ. ತರಬೇತಿಗೆ ಅಧ್ಯಾಪಕರನ್ನಷ್ಟೇ ಕೂರಿಸುವ ಸಂಸ್ಥೆಗಳು ಈ ಕಿಟಕಿಯನ್ನು ಮರೆತಿವೆ ಎಂದೇ ಲೆಕ್ಕ.

‘ಆವತ್ತೇ ಯಾಕೆ ಹೇಳಲಿಲ್ಲ?’ ಎಂದು ನಾವು ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ. ಮೊದಲೇ ಗೊತ್ತಾಗಿದ್ದರೆ ಏನಾದರೂ ಮಾಡಬಹುದಿತ್ತಲ್ಲ ಎಂಬ ಸಂಕಟ ಹಾಗೆ ಹೊರಬೀಳುತ್ತದೆ. ಆದರೆ ಅವಳ ಕಿವಿಗೆ ಮುಟ್ಟುವಷ್ಟರಲ್ಲಿ ಅದು ‘ತಪ್ಪು ನಿನ್ನದೂ ಇದೆ’ ಎಂದಾಗಿರುತ್ತದೆ. ‘ನೀನು ಅಲ್ಲಿಗೆ ಯಾಕೆ ಹೋದದ್ದು?’, ‘ಅವರು ಅಂಥವರಲ್ಲವಲ್ಲ’, ‘ಬೇಕೆಂದೇ ಮುಟ್ಟಿದ್ದಾ?’ ಎಂಬವೂ ಇದೇ ಜಾತಿಯ ಮಾತುಗಳು. ತಡವಾಗಿ ಹೇಳುವುದು, ತುಂಡು ತುಂಡಾಗಿ ಹೇಳುವುದು, ಹಿಂದುಮುಂದಾಗಿ ಹೇಳುವುದು, ಹೇಳುತ್ತಾ ನಗುವುದು, ಮರುದಿನ ‘ಏನೂ ಆಗಲಿಲ್ಲ’ ಎನ್ನುವುದು, ಇವೆಲ್ಲ ಆಘಾತ ಉಂಡವರಲ್ಲಿ ಸಾಮಾನ್ಯವಾಗಿ ಕಾಣುವಂಥವು. ಇವನ್ನು ಸುಳ್ಳಿನ ಲಕ್ಷಣವೆಂದು ಓದಬಾರದು ಎಂಬುದನ್ನೇ ತರಬೇತಿಯ ಮೊದಲ ಅರ್ಧ ಗಂಟೆಯಲ್ಲಿ ಕಲಿಸಿ.

ಎರಡನೆಯದಾಗಿ ಕಲಿಸಬೇಕಾದದ್ದು ನಮ್ಮ ಭಾಷೆಯಲ್ಲೇ ಇರುವ ಒಂದು ಭೇದ. ‘ಹೇಳಿಕೊಳ್ಳುವುದು’ ಬೇರೆ, ‘ದೂರು ಕೊಡುವುದು’ ಬೇರೆ. ಹೇಳಿಕೊಳ್ಳುವವಳು ಎದೆಯ ಭಾರವನ್ನು ಒಂದು ಗಳಿಗೆ ಇಳಿಸಿ ಇಡಲು ಜಾಗ ಹುಡುಕುತ್ತಿರುತ್ತಾಳೆ. ಮುಂದೇನು ಮಾಡಬೇಕೆಂದು ಅವಳಿಗೇ ಇನ್ನೂ ಗೊತ್ತಿರುವುದಿಲ್ಲ. ದೂರು ಎಂಬುದು ಅವಳು ಯೋಚಿಸಿ, ಬರೆದು, ಸಹಿ ಹಾಕಿ, ಒಂದು ವ್ಯವಸ್ಥೆಯ ಕೈಗೆ ಒಪ್ಪಿಸುವ ವಸ್ತು. ನಮ್ಮ ಸಿಬ್ಬಂದಿಯಲ್ಲಿ ಒಳ್ಳೆಯ ಮನಸ್ಸಿನವರು ಮಾಡುವ ಅತಿ ದೊಡ್ಡ ತಪ್ಪೆಂದರೆ, ಮೊದಲನೆಯದನ್ನು ಕೇಳಿದ ಕೂಡಲೇ ಎರಡನೆಯದನ್ನಾಗಿ ಮಾಡಿಬಿಡುವುದು. ಕೆಟ್ಟ ಮನಸ್ಸಿನವರು ಮಾಡುವುದು ಇದರ ತಿರುಗುಮುರುಗು: ದೂರು ಕೊಡಲು ಬಂದವಳನ್ನು ‘ಹೇಳಿಕೊಂಡೆಯಲ್ಲ, ಸಮಾಧಾನ ಮಾಡಿಕೋ’ ಎಂದು ಕಳುಹಿಸುವುದು.

ಈ ಭೇದ ಗೊತ್ತಿದ್ದವರು ಗಡುವುಗಳನ್ನೂ ತಿಳಿದಿರಬೇಕು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ ವಿರುದ್ಧ 2013ರಲ್ಲಿ ಬಂದ ಕಾಯ್ದೆ, ಅದರ ಬೆನ್ನಿಗೆ ಉನ್ನತ ಶಿಕ್ಷಣ ಸಂಸ್ಥೆಗಳಿಗಾಗಿ ವಿಶ್ವವಿದ್ಯಾಲಯ ಅನುದಾನ ಆಯೋಗವು (ಯುಜಿಸಿ) 2016ರ ಮೇ ತಿಂಗಳಲ್ಲಿ ಅಧಿಸೂಚನೆ ಹೊರಡಿಸಿದ ನಿಯಮಾವಳಿ, ಇವೆರಡರ ಪ್ರಕಾರವೂ ಲಿಖಿತ ದೂರನ್ನು ಘಟನೆ ನಡೆದ 3 ತಿಂಗಳೊಳಗೆ, ಸರಣಿ ಘಟನೆಗಳಾದರೆ ಕೊನೆಯದು ನಡೆದ 3 ತಿಂಗಳೊಳಗೆ, ಆಂತರಿಕ ದೂರು ಸಮಿತಿಗೆ ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿಯು ಅದನ್ನು ದಾಖಲಿಸಿ ಇನ್ನೂ 3 ತಿಂಗಳು ವಿಸ್ತರಿಸಬಹುದು. ತಾನೇ ಬರೆಯಲಾಗದವಳಿಗೆ ಬರೆಯಲು ನೆರವಾಗುವುದು ಸಮಿತಿಯ ಕರ್ತವ್ಯ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಅದು ನಡೆಯುವಾಗ ಆರೋಪಿ ಅವಳ ಪರೀಕ್ಷೆ, ಮೌಲ್ಯಮಾಪನಗಳಿಗೆ ಕೈಹಾಕದಂತೆ ತಡೆಯಲು ಸಮಿತಿ ಶಿಫಾರಸು ಮಾಡಬಹುದು. ಇಷ್ಟನ್ನು ಅವಳಿಗೆ ತಿಳಿಸುವುದು ಒತ್ತಾಯವಲ್ಲ. ‘ಇಂಥ ದಿನದವರೆಗೆ ನಿನಗೆ ಸಮಯವಿದೆ, ತೀರ್ಮಾನ ನಿನ್ನದು’ ಎಂದು ಕ್ಯಾಲೆಂಡರ್ ನೋಡಿ ತಾರೀಕನ್ನೇ ಹೇಳಿ.

ತರಬೇತಿಯೆಲ್ಲ ಸಮಿತಿಯ ಸದಸ್ಯರಿಗೆ ಸಾಲದೇ ಎಂದು ನಿಮ್ಮ ಪ್ರಾಂಶುಪಾಲರು ಕೇಳಿದರೆ, ಆಸ್ಟ್ರೇಲಿಯದ ಮಾನವ ಹಕ್ಕುಗಳ ಆಯೋಗವು ಅಲ್ಲಿನ 39 ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನು ಕೇಳಿ 2017ರಲ್ಲಿ ಪ್ರಕಟಿಸಿದ ವರದಿಯನ್ನು ತೋರಿಸಿ. 2016ರ ಒಂದೇ ವರ್ಷದಲ್ಲಿ ಶೇ. 51ರಷ್ಟು ವಿದ್ಯಾರ್ಥಿಗಳು ಒಂದು ಸಲವಾದರೂ ಲೈಂಗಿಕ ಕಿರುಕುಳ ಅನುಭವಿಸಿದ್ದರು. ಕಿರುಕುಳ ಅನುಭವಿಸಿದವರಲ್ಲಿ ಶೇ. 94 ಮಂದಿ, ಲೈಂಗಿಕ ಹಲ್ಲೆಗೆ ಒಳಗಾದವರಲ್ಲಿ ಶೇ. 87 ಮಂದಿ ತಮ್ಮ ವಿಶ್ವವಿದ್ಯಾಲಯಕ್ಕೆ ಅಧಿಕೃತವಾಗಿ ವರದಿಯನ್ನೋ ದೂರನ್ನೋ ಕೊಟ್ಟಿರಲಿಲ್ಲ. ಅಷ್ಟೆಲ್ಲ ಕೋಶ, ಕೌನ್ಸೆಲರ್‌ಗಳಿರುವ ನಾಡಿನ ಲೆಕ್ಕವಿದು. ಸಮಿತಿಯ ಬಾಗಿಲಲ್ಲಿ ಕಾಯುತ್ತಾ ಕುಳಿತವರಿಗೆ ನೂರರಲ್ಲಿ ಕೆಲವರು ಮಾತ್ರ ಸಿಗುತ್ತಾರೆ, ಉಳಿದವರು ಸಿಕ್ಕರೆ ನಿಮಗೇ ಸಿಗುತ್ತಾರೆ.

ಇನ್ನು ಹೇಳಿಕೊಡುವ ರೀತಿ. ವಿಶ್ವ ಆರೋಗ್ಯ ಸಂಸ್ಥೆಯು ಆರೋಗ್ಯ ಸಿಬ್ಬಂದಿಗಾಗಿ 2014ರಲ್ಲಿ ತಂದ ಕೈಪಿಡಿಯಲ್ಲಿ ಐದು ಹೆಜ್ಜೆಗಳಿವೆ: ಕಿವಿಗೊಡುವುದು, ಏನು ಬೇಕೆಂದು ವಿಚಾರಿಸುವುದು, ನಂಬಿದ್ದೇನೆಂದು ತೋರಿಸುವುದು, ಸುರಕ್ಷತೆಯನ್ನು ಹೆಚ್ಚಿಸುವುದು, ಮುಂದಿನ ನೆರವಿಗೆ ಜೋಡಿಸುವುದು. ಇದನ್ನು ಪರದೆಯ ಮೇಲೆ ತೋರಿಸಿ ಓದಿಸಿದರೆ ಯಾರಿಗೂ ನೆನಪುಳಿಯದು. ಹತ್ತು ಹನ್ನೆರಡು ಮಂದಿಯನ್ನು ಸಾಲಾಗಿ ಅಲ್ಲದೆ ಸುತ್ತಲೂ ಕೂರಿಸಿ, ನಿಮ್ಮ ಕ್ಯಾಂಪಸ್ಸಿನದೇ ಸನ್ನಿವೇಶ ಕೊಟ್ಟು, ‘ಹೇಳಿದ್ದು ಒಳ್ಳೆಯದಾಯಿತು’, ‘ಇದು ನಿನ್ನ ತಪ್ಪಲ್ಲ’, ‘ಈಗ ನಿನಗೆ ಏನಾಗಬೇಕು?’ ಎಂಬ ಮೂರು ವಾಕ್ಯಗಳನ್ನು ಪ್ರತಿಯೊಬ್ಬರ ಬಾಯಲ್ಲೂ ಆಡಿಸಿ. ನಗು ಬರುತ್ತದೆ, ಬರಲಿ. ನಾನು ನಡೆಸಿದ ಒಂದು ತರಬೇತಿಯಲ್ಲಿ ಮೂವತ್ತು ವರ್ಷ ಪಾಠ ಮಾಡಿದ ಹಿರಿಯರೊಬ್ಬರಿಗೆ ‘ಇದು ನಿನ್ನ ತಪ್ಪಲ್ಲ’ ಎಂಬ ಮಾತನ್ನು ನಾಲ್ಕನೆಯ ಪ್ರಯತ್ನಕ್ಕೆ ಮೊದಲು ಹೇಳಲಾಗಲಿಲ್ಲ. ಪ್ರತಿಸಲವೂ ಅದರ ತುದಿಗೆ ‘ಆದರೂ’ ಎಂದು ಸೇರಿಸುತ್ತಿದ್ದರು. ಆ ‘ಆದರೂ’ವನ್ನು ಬಿಡಿಸುವುದಕ್ಕೇ ತರಬೇತಿ.

ಒಂದು ತೊಡಕು ಉಳಿಯುತ್ತದೆ. ಆ ಲ್ಯಾಬಿಗೆ ಇತರ ಹುಡುಗಿಯರೂ ಹೋಗುತ್ತಾರೆ. ನಿಮ್ಮ ವಿದ್ಯಾರ್ಥಿನಿ ದೂರು ಕೊಡಲು ಒಪ್ಪದಿದ್ದರೂ, ಅವಳ ಹೆಸರಾಗಲಿ ತರಗತಿಯಾಗಲಿ ಬಾರದಂತೆ ಸಮಿತಿಯ ಅಧ್ಯಕ್ಷೆಯ ಬಳಿ ವಿಷಯ ಪ್ರಸ್ತಾಪಿಸಿ, ಲ್ಯಾಬಿನಲ್ಲಿ ಸದಾ ಇಬ್ಬರು ಸಿಬ್ಬಂದಿ ಇರುವ ಏರ್ಪಾಡು ಮಾಡಿಸಬಹುದು. ಆದರೆ ಹಾಗೆ ಮಾಡುವ ಮೊದಲು ಅವಳಿಗೆ ತಿಳಿಸಿ. ಸಣ್ಣ ಕಾಲೇಜುಗಳಲ್ಲಿ ಹೆಸರು ಮುಚ್ಚಿಟ್ಟರೂ ಊಹೆ ತೆರೆದೇ ಇರುತ್ತದೆ ಎಂಬುದನ್ನು ನಾನು ಕಂಡಿದ್ದೇನೆ, ಈ ದಾರಿಯನ್ನು ಅರ್ಧ ಮನಸ್ಸಿನಿಂದಲೇ ಸೂಚಿಸುತ್ತಿದ್ದೇನೆ.

ಪ್ರಶ್ನೆ: ನಾನು ಹಾಸ್ಟೆಲ್ ಮೇಟ್ರನ್. ಮೊದಲ ವರ್ಷದ ಹುಡುಗಿಯೊಬ್ಬಳು ರಾತ್ರಿ ನನ್ನ ಕೋಣೆಗೆ ಬಂದು, ಊರಿನಲ್ಲಿ ಸಂಬಂಧಿಕನೊಬ್ಬನಿಂದ ಆಗುತ್ತಿರುವುದನ್ನು ತುಳುವಿನಲ್ಲಿ ಹೇಳಿ, ‘ಏರೆಗ್‌ಲಾ ಪನೊಡ್ಚಿ’, ಯಾರಿಗೂ ಹೇಳಬೇಡಿ ಎಂದು ಕೈ ಹಿಡಿದುಕೊಂಡಳು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವಳಿಗೆ 18 ತುಂಬಲು ಇನ್ನೂ ನಾಲ್ಕು ತಿಂಗಳಿದೆ ಎಂದು ಆಮೇಲೆ ರಿಜಿಸ್ಟರ್ ನೋಡಿದಾಗ ಗೊತ್ತಾಯಿತು. ಈಗೇನು ಮಾಡಲಿ?

ಉತ್ತರ: ಆ ಮಾತನ್ನು ನೀವು ಉಳಿಸಿಕೊಳ್ಳಲಾರಿರಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನ ಪ್ರಕಾರ, 18 ತುಂಬದವರ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದ ಯಾರೇ ಆದರೂ ಅದನ್ನು ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ ಆಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರು ಎಸಗಿದ್ದನ್ನು ಮುಚ್ಚಿಟ್ಟರೆ ಶಿಕ್ಷೆ 1 ವರ್ಷದವರೆಗೆ ಹೋಗುತ್ತದೆ. ಪ್ರಾಮಾಣಿಕವಾಗಿ ಮಾಹಿತಿ ಕೊಟ್ಟವರಿಗೆ ಕಾಯ್ದೆಯ ರಕ್ಷಣೆಯಿದೆ. ಕಾಲೇಜೆಂದರೆ ದೊಡ್ಡವರು ಓದುವ ಜಾಗ ಎಂಬ ಭಾವನೆಯಲ್ಲಿ ನಾವು ಮರೆಯುವ ವಿಷಯವಿದು: ಪ್ಲಸ್ ಟು ಮುಗಿಸಿ ಜೂನ್, ಜುಲೈಯಲ್ಲಿ ಸೇರುವ ಎಷ್ಟೋ ಮಕ್ಕಳಿಗೆ ಇನ್ನೂ 17.

ಅವಳ ಬಳಿಗೆ ಹೋಗಿ, ಮಾತು ಕೊಟ್ಟದ್ದು ನಿಮ್ಮ ತಪ್ಪೆಂದು ಮೊದಲು ಒಪ್ಪಿಕೊಳ್ಳಿ. ಕಾನೂನು ಏನು ಹೇಳುತ್ತದೆ, ಯಾರಿಗೆ ತಿಳಿಸಬೇಕು, ಅವರು ಬಂದಾಗ ಏನು ಕೇಳುತ್ತಾರೆ ಎಂಬುದನ್ನು ವಿವರಿಸಿ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ, ಸಾಧ್ಯವಾದಷ್ಟು ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬಂದು ಪಡೆಯಬೇಕು ಎಂದು ಕಾಯ್ದೆಯಲ್ಲಿದೆ. ಇದನ್ನು ಕೇಳಿದರೆ ಅವಳ ಹೆದರಿಕೆ ಸ್ವಲ್ಪವಾದರೂ ಇಳಿದೀತು. ಆ ಹೊತ್ತಿಗೆ ಯಾರು ಜೊತೆಗಿರಬೇಕೆಂದು ಅವಳನ್ನೇ ಕೇಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಮೊದಲು ಕರೆಮಾಡಿದರೆ ದಾರಿ ತೋರಿಸುತ್ತಾರೆ. ಮನೆಯವನೇ ಆರೋಪಿಯಾದ್ದರಿಂದ ವಾರಾಂತ್ಯದಲ್ಲಿ ಅವಳನ್ನು ಊರಿಗೆ ಕಳುಹಿಸುವ ಮೊದಲೇ ಇದೆಲ್ಲ ಆಗಬೇಕು. ಮುಂದೆ ಯಾರು ಬಂದರೂ, ‘ಹೇಳಬೇಡಿ’ ಎಂಬ ಮಾತಿಗೆ ‘ನೀನು ಹೇಳುವುದನ್ನು ಊರಿಗೆಲ್ಲ ಹಂಚುವುದಿಲ್ಲ, ಆದರೆ ನಿನಗೆ 18 ಆಗದಿದ್ದರೆ ಅಥವಾ ಜೀವಕ್ಕೆ ಅಪಾಯವಿದ್ದರೆ ನಾನು ಒಬ್ಬರಿಗೆ ತಿಳಿಸಬೇಕಾಗುತ್ತದೆ’ ಎಂದು ಕಥೆ ಶುರುವಾಗುವ ಮೊದಲೇ ಹೇಳುವುದನ್ನು ಅಭ್ಯಾಸ ಮಾಡಿ. ಇಷ್ಟು ಹೇಳಿದ ಮೇಲೆ ಕೆಲವರು ಎದ್ದು ಹೋಗಬಹುದು. ಮಾತು ಕೊಟ್ಟು ಮುರಿಯುವುದಕ್ಕಿಂತ ಅದು ಲೇಸು.

18 ದಾಟಿದವಳಾಗಿದ್ದರೆ ನನ್ನ ಉತ್ತರವೇ ಬೇರೆಯಾಗುತ್ತಿತ್ತು. ವರ್ಷಗಳ ಹಿಂದೆ, ನಾನು ಪಾಠ ಮಾಡುತ್ತಿದ್ದ ಕಾಲೇಜೊಂದರಲ್ಲಿ ಪದವಿಯ ಕೊನೆಯ ವರ್ಷದ ಹುಡುಗಿಯೊಬ್ಬಳು ಮಳೆಯ ಸಂಜೆ ಸ್ಟಾಫ್ ರೂಮಿನಲ್ಲಿ ಉಳಿದು, ಬಸ್ಸಿನಿಂದ ಮನೆಯವರೆಗೆ ಹಿಂಬಾಲಿಸುವವನೊಬ್ಬನ ವಿಷಯ ಹೇಳಿಕೊಂಡಳು. ನಾನು ತಾಯಿಯ ಸ್ಥಾನದಲ್ಲಿ ನಿಂತು ಯೋಚಿಸಿದೆನೆಂದುಕೊಂಡು, ಅವಳನ್ನು ಕೇಳದೆ ಅದೇ ರಾತ್ರಿ ಅವಳ ಮನೆಗೆ ಫೋನ್ ಮಾಡಿದೆ. ಮರುದಿನದಿಂದ ಅವಳು ಬರಲಿಲ್ಲ. ಎರಡು ವಾರದ ಮೇಲೆ ಅಣ್ಣ ಬಂದು ಟಿ.ಸಿ. ತೆಗೆದುಕೊಂಡು ಹೋದ, ಸಹಿ ಹಾಕಿಸಲು ನನ್ನ ಮೇಜಿನ ಬಳಿಗೂ ಬಂದು ‘ಟೀಚರಿಂದ ಉಪಕಾರವಾಯಿತು’ ಎಂದ. ಹಿಂಬಾಲಿಸಿದವನ ಓದಿಗೋ ಕೆಲಸಕ್ಕೋ ಏನೂ ಆಗಲಿಲ್ಲ. ಮನೆಯವರಿಗೆ ತಿಳಿಸುವುದು ನಮ್ಮಲ್ಲಿ ಎಲ್ಲಕ್ಕಿಂತ ಸಹಜವೆನಿಸುವ ಕೆಲಸ. ವಯಸ್ಕ ವಿದ್ಯಾರ್ಥಿನಿಯ ವಿಷಯದಲ್ಲಿ ಅವಳ ಒಪ್ಪಿಗೆಯಿಲ್ಲದೆ ಅದನ್ನು ಮಾಡಕೂಡದು ಎಂದು ನಾನು ತರಬೇತಿಗಳಲ್ಲಿ ಗಟ್ಟಿಯಾಗಿ ಹೇಳುವುದು ಈ ಕಾರಣಕ್ಕೆ.

ಪ್ರಶ್ನೆ: ನಮ್ಮ ಸಂಸ್ಥೆಯಲ್ಲಿ ತರಬೇತಿ ಎಂದರೆ ವರ್ಷಕ್ಕೊಮ್ಮೆ ಎರಡು ಗಂಟೆಯ ಭಾಷಣ. ವಕೀಲರು ಬಂದು ಮಲಯಾಳದಲ್ಲಿ ಕಲಮುಗಳನ್ನು ಓದುತ್ತಾರೆ, ಚಹಾ ಕುಡಿದು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ನಮ್ಮಲ್ಲಿ ಕನ್ನಡ, ತುಳು, ಮಲಯಾಳ ಮೂರನ್ನೂ ಆಡುವವರಿದ್ದಾರೆ. ಇದಕ್ಕೆ ಉಪಾಯವೇನು? (ಕಚೇರಿ ಸೂಪರಿಂಟೆಂಡೆಂಟ್)

ಉತ್ತರ: ಉನ್ನತ ಶಿಕ್ಷಣ ಸಂಸ್ಥೆಗಳು ಸಿಬ್ಬಂದಿಗೂ ವಿದ್ಯಾರ್ಥಿಗಳಿಗೂ ಈ ವಿಷಯದಲ್ಲಿ ನಿಯತವಾಗಿ ತರಬೇತಿ, ಜಾಗೃತಿ ಕಾರ್ಯಕ್ರಮ ನಡೆಸಬೇಕೆಂಬುದು ಯುಜಿಸಿ ನಿಯಮಾವಳಿಯಲ್ಲೇ ಇರುವ ಹೊಣೆ. ಫೋಟೋ ಆ ಹೊಣೆಯ ರಸೀದಿ ಮಾತ್ರ. ಕಲಮುಗಳನ್ನು ಒಂದು ಪುಟದಲ್ಲಿ ಅಚ್ಚು ಹಾಕಿ ಹಂಚಿದರೆ ಸಾಕು. ಎರಡು ಗಂಟೆಯನ್ನು ಅಭ್ಯಾಸಕ್ಕೆ ಇಡಿ.

ಭಾಷೆಯ ಪ್ರಶ್ನೆಯನ್ನು ಎತ್ತಿದ್ದಕ್ಕೆ ನಿಮಗೆ ಕೃತಜ್ಞತೆ, ಏಕೆಂದರೆ ಏಳು ಭಾಷೆಗಳ ನಾಡೆಂದು ನಾವು ವೇದಿಕೆಯ ಮೇಲೆ ಹೊಗಳಿಕೊಳ್ಳುವ ಕಾಸರಗೋಡಿನಲ್ಲಿ ಇದು ಹೊಗಳಿಕೆಯ ವಿಷಯವಾಗಿ ಉಳಿಯುವುದಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಕನ್ನಡದ ಹುಡುಗಿ ‘ಅವ ನನ್ನನ್ನು ಪೀಡಿಸ್ತಾನೆ’ ಎಂದರೆ ಕಾಡುತ್ತಾನೆ, ಬೆನ್ನು ಬಿಡುವುದಿಲ್ಲ ಎಂದರ್ಥ. ಆದರೆ ಮಲಯಾಳದ ಪತ್ರಿಕೆಗಳಲ್ಲಿ ‘ಪೀಡನಂ’ ಎಂಬುದು ಲೈಂಗಿಕ ದೌರ್ಜನ್ಯಕ್ಕೆ, ಅತ್ಯಾಚಾರಕ್ಕೆ ರೂಢಿಯಾದ ಪದ. ಕನ್ನಡದಲ್ಲಿ ಹೇಳಿದ್ದನ್ನು ಮಲಯಾಳದಲ್ಲಿ ಕೇಳಿಸಿಕೊಂಡವರು ಇದ್ದದ್ದಕ್ಕಿಂತ ದೊಡ್ಡದನ್ನು ಕೇಳಿಸಿಕೊಳ್ಳುತ್ತಾರೆ. ಇನ್ನು ನಮ್ಮ ಕಡೆಯ ‘ಉಪದ್ರ’ ಎಂಬ ಪದವಿದೆಯಲ್ಲ, ಮಕ್ಕಳ ತುಂಟತನದಿಂದ ಹಿಡಿದು ಬಾಯಿಬಿಟ್ಟು ಹೇಳಲಾಗದ ಕೃತ್ಯದವರೆಗೆ ಎಲ್ಲವೂ ಅದರೊಳಗೆ ಅಡಗಿ ಕೂರುತ್ತದೆ. ಅಲ್ಲಿ ಇದ್ದದ್ದಕ್ಕಿಂತ ಸಣ್ಣದು ಕೇಳಿಸುತ್ತದೆ. ಹೇಳುವವಳಿಗೆ ಅಂಗಾಂಗಗಳ ಹೆಸರು ಯಾವ ಭಾಷೆಯಲ್ಲೂ ಬಾಯಿಗೆ ಬರುವುದಿಲ್ಲ, ‘ಅಲ್ಲಿ’ ಎನ್ನುತ್ತಾಳೆ. ಕೇಳಿಸಿಕೊಂಡವರು ‘ಅಲ್ಲಿ ಎಂದರೆ ಎಲ್ಲಿ?’ ಎಂದು ಬಿಡಿಸಿ ಕೇಳಬೇಕಾಗಿಲ್ಲ. ಅದು ವೈದ್ಯರ, ಸಮಿತಿಯ ಕೆಲಸ.

ಹಾಗಾಗಿ ಟಿಪ್ಪಣಿ ಬರೆಯುವವರಿಗೆ ನನ್ನದೊಂದು ನಿಯಮವಿದೆ: ಅವಳು ಆಡಿದ ಮಾತನ್ನು ಅವಳ ಭಾಷೆಯಲ್ಲೇ, ಆಡಿದಂತೆಯೇ ಬರೆಯಿರಿ. ತುಳುವನ್ನು ಕನ್ನಡ ಲಿಪಿಯಲ್ಲಿ ಬರೆದರೆ ಏನೂ ಕೆಡುವುದಿಲ್ಲ. ಅನುವಾದ ಬೇಕಾದವರು ಆಮೇಲೆ ಮಾಡಿಕೊಳ್ಳಲಿ, ಮೂಲ ಅಲ್ಲಿರಲಿ. ತಾರೀಕು, ಗಂಟೆ, ನಿಮ್ಮ ಸಹಿ, ಇಷ್ಟು ಸಾಕು. ನಿಮ್ಮ ಅಭಿಪ್ರಾಯ ಬೇಡ. ಬರೆದದ್ದನ್ನು ಅವಳಿಗೆ ಓದಿ ಹೇಳಿ, ಮುಚ್ಚಿದ ಲಕೋಟೆಯಲ್ಲಿ ಇಡಿ. ಸ್ಟಾಫ್ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಒಂದು ಸೂಕ್ಷ್ಮ ವಿಷಯ’ ಎಂಬ ಪೀಠಿಕೆಯೊಂದಿಗೆ ಕೂಡ ಅದು ಹೋಗಕೂಡದು. ಅತ್ಯಾಚಾರಕ್ಕೆ ಒಳಗಾದವರ ಗುರುತನ್ನು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನಡಿ 2 ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ದೂರನ್ನು ಯಾವ ಭಾಷೆಯಲ್ಲಿ ಕೊಡಬಹುದೆಂದು ನಿಮ್ಮ ಸಹೋದ್ಯೋಗಿ ಕೇಳಿದ್ದಾರಂತೆ. 1969ರ ಕೇರಳ ರಾಜ್ಯಭಾಷಾ ಕಾಯ್ದೆಯು ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದೊಡನೆ ಕನ್ನಡದಲ್ಲಿ ಪತ್ರ ವ್ಯವಹಾರ ನಡೆಸುವ ಹಕ್ಕು ಕೊಟ್ಟಿದೆ. ಭೂಮಿಯ ತೆರಿಗೆಗೆ ಸಲ್ಲುವ ಭಾಷೆ ತನ್ನ ನೋವಿಗೆ ಸಲ್ಲದೆಂದು ಯಾವ ಹುಡುಗಿಗೂ ಅನ್ನಿಸುವಂತೆ ಮಾಡಬೇಡಿ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆಗಳಿಗೆ ಹಿಂದಿ, ಬಂಗಾಳಿ, ಒಡಿಯಾ ಆಡುವವರೂ ಬರುತ್ತಾರೆ. ಯಾವ ಭಾಷೆ ಬಲ್ಲವರು ಯಾವ ಕೋಣೆಯಲ್ಲಿ ಸಿಗುತ್ತಾರೆ ಎಂಬ ಪಟ್ಟಿಯೊಂದು ಪ್ರತಿ ಕಚೇರಿಯ ಗೋಡೆಯಲ್ಲೂ ಇರಬೇಕು.

ಪ್ರಶ್ನೆ: ಆರೋಪಿ ನನ್ನದೇ ವಿಭಾಗದ ಸಹೋದ್ಯೋಗಿ, ಸಜ್ಜನ, ಮಕ್ಕಳೊಂದಿಗ. ಎರಡೂ ಕಡೆ ಕೇಳದೆ ನಂಬಿದ್ದೇನೆ ಎನ್ನುವುದು ಅನ್ಯಾಯವಲ್ಲವೇ? ನಾಳೆ ಸುಳ್ಳೆಂದಾದರೆ? (ಪ್ರಾಧ್ಯಾಪಕರು)

ಉತ್ತರ: ಎರಡೂ ಕಡೆ ಕೇಳುವುದು ನ್ಯಾಯ, ಮತ್ತು ಅದಕ್ಕಾಗಿಯೇ ಸಮಿತಿಯಿದೆ. ದೂರಿನ ಪ್ರತಿಯನ್ನು 7 ದಿನಗಳಲ್ಲಿ ಆರೋಪಿಗೆ ಕೊಟ್ಟು, ಉತ್ತರಕ್ಕೆ 10 ದಿನ ಬಿಟ್ಟು, ಸಾಕ್ಷಿಗಳನ್ನು ಕೇಳಿಯೇ ಅದು ತೀರ್ಮಾನಿಸಬೇಕು. ಸಂಸ್ಥೆಯ ಹೊರಗಿನ ಸದಸ್ಯರೊಬ್ಬರು ಅದರಲ್ಲಿರಬೇಕು, ಅರ್ಧದಷ್ಟಾದರೂ ಮಹಿಳೆಯರಿರಬೇಕು, ವಿದ್ಯಾರ್ಥಿಗಳ ಪ್ರಕರಣವಾದರೆ ಚುನಾಯಿತ ವಿದ್ಯಾರ್ಥಿ ಪ್ರತಿನಿಧಿಗಳಿರಬೇಕು. ಕುಲಪತಿ, ಕುಲಸಚಿವ, ಡೀನ್, ವಿಭಾಗ ಮುಖ್ಯಸ್ಥರಂಥ ಅಧಿಕಾರಸ್ಥರು ಸದಸ್ಯರಾಗಕೂಡದು. ಗೋವಾ ವಿಶ್ವವಿದ್ಯಾಲಯದ ಪ್ರಕರಣವೊಂದರಲ್ಲಿ 2023ರ ಮೇ ತಿಂಗಳಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟು, ವಿಚಾರಣೆಯನ್ನು ಆತುರಾತುರವಾಗಿ ನಡೆಸಿ ಆರೋಪಿಗೆ ಸಮರ್ಥನೆಯ ಅವಕಾಶ ತಪ್ಪಿಸಿದ್ದಾರೆಂದು ಶಿಕ್ಷೆಯನ್ನು ರದ್ದುಗೊಳಿಸಿ ಮರುವಿಚಾರಣೆಗೆ ಕಳುಹಿಸಿತು, ಅದೇ ತೀರ್ಪಿನಲ್ಲಿ ದೇಶದ ಸಂಸ್ಥೆಗಳಲ್ಲಿ ಇಂಥ ಸಮಿತಿಗಳು ನಿಜವಾಗಿ ರಚನೆಯಾಗಿವೆಯೇ ಎಂದು ಪರಿಶೀಲಿಸಲೂ ಆದೇಶಿಸಿತು. ನಿಮ್ಮ ಸಹೋದ್ಯೋಗಿಯ ರಕ್ಷಣೆಯೂ ಸರಿಯಾದ ಸಮಿತಿಯಲ್ಲೇ ಇದೆ.

ಆದರೆ ಮೇಜಿನ ಈಚೆ ಕುಳಿತ ನೀವು ಸಮಿತಿಯಲ್ಲ. ಕೈ ಮುರಿದು ಬಂದವನನ್ನು ಕಾಂಪೌಂಡರನು, ತಪ್ಪು ಬಸ್ಸಿನದೋ ನಿನ್ನದೋ ಎಂದು ಕೇಳಿ ಪಟ್ಟಿ ಕಟ್ಟುವುದಿಲ್ಲ. ಅವಳನ್ನು ನಂಬಿದ್ದೇನೆ ಎಂದರೆ ಅವನನ್ನು ಶಿಕ್ಷಿಸಿದ್ದೇನೆ ಎಂದಾಗುವುದಿಲ್ಲ. ಒಂದು ಮಾತು ಮಾತ್ರ ನೆನಪಿಡಿ: ಸಹೋದ್ಯೋಗಿಯನ್ನು ಕರೆದು ‘ಹೀಗೊಂದು ಮಾತು ಬಂದಿದೆ, ನೋಡಿಕೊಳ್ಳಿ’ ಎಂದು ಸ್ನೇಹದಿಂದ ಎಚ್ಚರಿಸಬೇಡಿ. ಎಷ್ಟೋ ಪ್ರಕರಣಗಳು ಹಾಳಾಗುವುದು ಈ ಸ್ನೇಹದಲ್ಲಿ. ಆರೋಪ ಸಾಬೀತಾಗಲಿಲ್ಲ ಎಂಬಷ್ಟಕ್ಕೇ ದೂರು ಸುಳ್ಳೆನಿಸಿಕೊಳ್ಳುವುದಿಲ್ಲ. ದುರುದ್ದೇಶ ಇತ್ತೆಂದು ವಿಚಾರಣೆಯಲ್ಲಿ ಪ್ರತ್ಯೇಕವಾಗಿ ತೇಲಿಬಂದರೆ ಮಾತ್ರ ಕ್ರಮ ಎಂದು 2013ರ ಕಾಯ್ದೆಯ 14ನೆಯ ಕಲಮು ಹೇಳುತ್ತದೆ.

ಪ್ರಶ್ನೆ: ಹೇಳಿಕೊಳ್ಳಲು ಬಂದವನು ಹುಡುಗನಾದರೆ?

ಉತ್ತರ: ಕೇಳಿಸಿಕೊಳ್ಳುವ ರೀತಿ ಅದೇ. 2013ರ ಕಾಯ್ದೆ ಮಹಿಳೆಯರಿಗಾಗಿ ಇರುವಂಥದು. ಆದರೆ ಯುಜಿಸಿ ನಿಯಮಾವಳಿಯು, ಮುಖ್ಯವಾಗಿ ಮಹಿಳೆಯರು ಗುರಿಯಾಗುತ್ತಾರೆಂದು ಹೇಳುತ್ತಲೇ, ಕೆಲವು ಹುಡುಗರೂ ತೃತೀಯ ಲಿಂಗಿಗಳೂ ಇಂಥ ಹಿಂಸೆಗೆ ಗುರಿಯಾಗಬಹುದೆಂದು ಒಪ್ಪಿ, ಎಲ್ಲರ ವಿಷಯದಲ್ಲೂ ಸಂಸ್ಥೆ ಕ್ರಮ ಕೈಗೊಳ್ಳಬೇಕೆಂದು ಹೇಳಿದೆ. ಪೋಕ್ಸೊ ಕಾಯ್ದೆಯಲ್ಲಿ ಹುಡುಗ, ಹುಡುಗಿ ಎಂಬ ಭೇದವೇ ಇಲ್ಲ. ‘ಗಂಡಸಾಗಿ ನೀನು’ ಎಂದು ಬಾಯಿ ತೆರೆಯುವ ಮೊದಲು ನಾಲಗೆ ಕಚ್ಚಿಕೊಳ್ಳಿ.

ಪ್ರಶ್ನೆ: ಉಪ್ಪಳದಿಂದ ಬರುವ ನಮ್ಮ ವಿದ್ಯಾರ್ಥಿನಿಗೆ ಮಂಗಳೂರಿನಲ್ಲಿ ಇಂಟರ್ನ್‌ಶಿಪ್ ಮಾಡುವಾಗ ಹಲ್ಲೆಯಾಗಿದೆ. ಮರುದಿನ ಬಂದು ಲೈಬ್ರರಿಯಲ್ಲಿ ನನಗೆ ಹೇಳಿದಳು. ರಾಜ್ಯದ ಗಡಿಯಾದ ತಲಪಾಡಿಯ ಆಚೆ ನಡೆದದ್ದಕ್ಕೆ ಈಚೆ ಏನು ಮಾಡಲು ಸಾಧ್ಯ ಎಂದು ಕಚೇರಿಯವರು ಕೇಳುತ್ತಾರೆ. (ಗ್ರಂಥಪಾಲಕಿ)

ಉತ್ತರ: ಗಡಿ ನಮ್ಮ ತಲೆಯಲ್ಲಿ ಇರುವಷ್ಟು ಗಟ್ಟಿಯಾಗಿ ಕಾನೂನಿನಲ್ಲಿ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಅಪರಾಧ ಎಲ್ಲೇ ನಡೆದಿರಲಿ, ಯಾವುದೇ ಪೊಲೀಸ್ ಠಾಣೆಯಲ್ಲಿ ಮಾಹಿತಿ ಕೊಡಬಹುದು. ಝೀರೋ ಎಫ್‌ಐಆರ್ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳುಹಿಸುವುದು ಪೊಲೀಸರ ಕೆಲಸ. ಅವಳು ಮಂಜೇಶ್ವರದಲ್ಲೇ ಕೊಡಬಹುದು. ಇಂಟರ್ನ್‌ಶಿಪ್, ಅಧ್ಯಯನ ಪ್ರವಾಸ, ಕ್ರೀಡಾಕೂಟಗಳ ಜಾಗವೂ ಯುಜಿಸಿ ನಿಯಮಾವಳಿಯಲ್ಲಿ ಕ್ಯಾಂಪಸ್ಸಿನ ವ್ಯಾಪ್ತಿಗೆ ಸೇರುತ್ತದೆ, ಆದ್ದರಿಂದ ನಿಮ್ಮ ಸಂಸ್ಥೆ ಕೈ ತೊಳೆದುಕೊಳ್ಳುವಂತಿಲ್ಲ. ಹಲ್ಲೆ ನಡೆದ ಸಂಸ್ಥೆಯ ಆಂತರಿಕ ಸಮಿತಿಗೂ ದೂರು ಕೊಡಲು ಬರುತ್ತದೆ.

ಆದರೆ ನಿಮ್ಮ ಪತ್ರ ಓದುವಾಗ ನನ್ನ ಮನಸ್ಸು ಓಡಿದ್ದು ಠಾಣೆಯ ಕಡೆಗಲ್ಲ, ಗಡಿಯಾರದ ಕಡೆಗೆ. ಎಚ್‌ಐವಿ ಸೋಂಕು ತಡೆಯುವ ಔಷಧಿಯನ್ನು 72 ಗಂಟೆಗಳೊಳಗೆ ಶುರುಮಾಡಬೇಕು, ತುರ್ತು ಗರ್ಭನಿರೋಧಕ ಮಾತ್ರೆ ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಪರಿಣಾಮಕಾರಿ, ದೈಹಿಕ ಸಾಕ್ಷ್ಯವನ್ನು ಸಂಗ್ರಹಿಸಲು ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಹಾಕಿಕೊಟ್ಟಿರುವ ಮಿತಿ 96 ಗಂಟೆ. ಸರ್ಕಾರಿಯಾಗಲಿ ಖಾಸಗಿಯಾಗಲಿ ಯಾವ ಆಸ್ಪತ್ರೆಯೂ ಚಿಕಿತ್ಸೆಯನ್ನು ಉಚಿತವಾಗಿ ಕೊಡಲೇಬೇಕು. ಎಫ್‌ಐಆರ್ ತನ್ನಿ ಎಂದು ಹಿಂದೆ ಕಳುಹಿಸುವಂತಿಲ್ಲ. ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ಕೊಡುತ್ತಾರೆ ಎಂಬುದನ್ನು ಹೋಗುವ ಮೊದಲೇ ಅವಳಿಗೆ ತಿಳಿಸಿ, ಅಲ್ಲಿ ಹೋಗಿ ಬೆಚ್ಚಿಬೀಳುವಂತಾಗಬಾರದು. ಕೇರಳದ ಜಿಲ್ಲಾ ಆಸ್ಪತ್ರೆಗಳಲ್ಲಿ ಇಂಥವರಿಗಾಗಿಯೇ ಭೂಮಿಕಾ ಕೇಂದ್ರಗಳಿವೆ. ಆ ದಿನ ಉಟ್ಟ ಬಟ್ಟೆಯನ್ನು ಒಗೆಯದೆ, ಪ್ಲಾಸ್ಟಿಕ್ ಬಿಟ್ಟು ಕಾಗದದ ಚೀಲದಲ್ಲಿ ಹಾಕಿ ಕೊಂಡೊಯ್ಯಲಿ; ಈಗಾಗಲೇ ಒಗೆದಿದ್ದರೆ ಛೇ ಎನ್ನಬೇಡಿ, ಸ್ನಾನ ಮಾಡಿದ್ದರೂ ಪರೀಕ್ಷೆಗೆ ಅಡ್ಡಿಯಿಲ್ಲ. ಮಹಿಳಾ ಸಹಾಯವಾಣಿ 181 ಎರಡೂ ರಾಜ್ಯಗಳಲ್ಲಿದೆ, ಉಚಿತ ಕಾನೂನು ನೆರವಿಗೆ 15100. ನೀವು ಜೊತೆಗೆ ಹೋಗಬಹುದೇ ಎಂದು ಕೇಳಿದ್ದೀರಿ. ಅವಳು ಬೇಕೆಂದರೆ ಹೋಗಿ, ಅದನ್ನು ಕರ್ತವ್ಯದ ಮೇಲಿನ ರಜೆಯೆಂದು ಬರೆದುಕೊಳ್ಳುವುದು ನಿಮ್ಮ ಕಚೇರಿಯ ಹೊಣೆಯಾಗಬೇಕು.

ಪ್ರಶ್ನೆ: ನಾನು ಕಾಲೇಜು ಬಸ್ಸಿನ ಚಾಲಕ. ಒಂದು ಸಂಜೆ ಕೊನೆಯ ಸ್ಟಾಪಿನಲ್ಲಿ ಒಬ್ಬಳು ಇಳಿಯದೆ ಅಳುತ್ತಾ ಕುಳಿತಿದ್ದಳು. ಏನು ಕೇಳಬೇಕೆಂದು ತೋಚಲಿಲ್ಲ, ಹಾರ್ನ್ ಹೊಡೆದೆ, ಇಳಿದು ಹೋದಳು. ನಮ್ಮನ್ನು ಯಾರೂ ತರಬೇತಿಗೆ ಕರೆದಿಲ್ಲ.

ಉತ್ತರ: ಕರೆಯಬೇಕಿತ್ತು. ಸಂಸ್ಥೆಯ ವಾಹನವೂ ಕ್ಯಾಂಪಸ್ಸೇ ಎಂದು ನಿಯಮಾವಳಿ ಹೇಳುತ್ತದೆ, ನೀವು ಸಿಬ್ಬಂದಿಯೇ. ಇದನ್ನು ಓದಿದ ಮೇಲೆ ಕಚೇರಿಗೆ ಒಂದು ಅರ್ಜಿ ಕೊಡಿ. ಇನ್ನೊಮ್ಮೆ ಹಾಗಾದರೆ ಬಸ್ಸಿನ ಒಳಗಿನ ದೀಪ ಹಾಕಿ, ಬಾಗಿಲು ತೆರೆದಿಡಿ, ನಿಮ್ಮ ಸೀಟಿನಲ್ಲೇ ಇದ್ದುಕೊಂಡು ‘ಅವಸರವಿಲ್ಲ, ಯಾರಿಗಾದರೂ ಫೋನ್ ಮಾಡಬೇಕಾ?’ ಎಂದು ಕೇಳಿ. ಮನೆಗೆ ಎಂದು ನೀವಾಗಿ ಸೇರಿಸಬೇಡಿ. ಅವಳು ಹೆದರಿದ್ದಾಳೆ, ಹೊರಗೆ ಯಾರೋ ಕಾಯುತ್ತಿದ್ದಾರೆ ಎಂದು ಕಂಡರೆ 112ಕ್ಕೋ ಮಹಿಳೆಯರ ರಕ್ಷಣೆಗಿರುವ ಪಿಂಕ್ ಪೊಲೀಸಿನ 1515ಕ್ಕೋ ಅವಳ ಎದುರಿಗೇ ಕರೆಮಾಡಿ, ಅವರು ಬರುವವರೆಗೆ ಬಸ್ಸು ಅಲ್ಲೇ ನಿಲ್ಲಲಿ. ಏನಾಯಿತೆಂದು ಕೇಳಬೇಡಿ, ಹೇಳಿದರೆ ಕೇಳಿಸಿಕೊಳ್ಳಿ, ಸಮಿತಿಯ ಅಧ್ಯಕ್ಷೆಯ ಹೆಸರು, ಫೋನ್ ನಂಬರು ಇರುವ ಚೀಟಿಯನ್ನು ಕೊಡಿ. ಮರುದಿನ ಬೆಳಿಗ್ಗೆ ಅವಳು ಹತ್ತುವಾಗ ಕನ್ನಡಿಯಲ್ಲಿ ದಿಟ್ಟಿಸಿ ನೋಡಬೇಡಿ, ಎಲ್ಲರಿಗೂ ಹೇಳುವ ಹಾಗೆಯೇ ‘ಬೇಗ ಹತ್ತಿ’ ಎನ್ನಿ.